ವಿಷಯವಾಕ್ಯ ಎಲ್ಲಿರಬೇಕು? ಶೈಕ್ಷಣಿಕ ಇಂಗ್ಲಿಷಿನ ವಾಕ್ಯವೃಂದ ಬೋಧನೆ: ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನೆಲೆಯಿಂದ ಒಂದು ವಿಮರ್ಶೆ

ಸಾರಾಂಶ

ಶೈಕ್ಷಣಿಕ ಇಂಗ್ಲಿಷ್ ಬರವಣಿಗೆಯ ಕೈಪಿಡಿಗಳು ಪ್ರತಿ ವಾಕ್ಯವೃಂದವೂ ವಿಷಯವಾಕ್ಯದಿಂದ ಆರಂಭವಾಗಬೇಕೆಂದು ವಿಧಿಸುತ್ತವೆ. ಈ ವಿಧಿಯನ್ನು ಪಾಲಿಸದ ಕನ್ನಡ ವಿದ್ಯಾರ್ಥಿಯ ಆಲೋಚನೆಯೇ ಸುತ್ತುಬಳಸಿನದು ಎಂಬ ತೀರ್ಮಾನವೂ ತರಗತಿಗಳಲ್ಲಿ ರೂಢಿಯಾಗಿದೆ. ವಿಧಿಯ ಇತಿಹಾಸ ಮತ್ತು ತೀರ್ಮಾನದ ಆಧಾರ ಎರಡನ್ನೂ ಈ ಲೇಖನ ಪರಿಶೀಲಿಸುತ್ತದೆ. ಕರಾವಳಿಯ ವಿದ್ಯಾರ್ಥಿಯ ತೊಡಕು ಆಲೋಚನೆಯ ಕ್ರಮದಲ್ಲಿಲ್ಲ, ಕನ್ನಡದ ಕೃದಂತಾವ್ಯಯಗಳು ಹೇಳದೆ ಬಿಡುವ ಸಂಬಂಧವನ್ನು ಇಂಗ್ಲಿಷಿನಲ್ಲಿ ಹೇಳಲೇಬೇಕಾಗುವಲ್ಲಿ ಇದೆ ಎಂದು ವಾದಿಸುತ್ತದೆ. ಕುಂದಾಪುರ ಕನ್ನಡದ ‘ಅಂಬ್ರ್’ ಎಂಬ ರೂಪವನ್ನು ಬೋಧನೆಯ ಉಪಕರಣವಾಗಿ ಬಳಸಬಹುದೆಂದು ಸೂಚಿಸುತ್ತದೆ.

ಪ್ರಮುಖ ಪದಗಳು: ವಾಕ್ಯವೃಂದ, ವಿಷಯವಾಕ್ಯ, ಕೃದಂತಾವ್ಯಯ, ವ್ಯತಿರೇಕಾತ್ಮಕ ನಿರೂಪಣಾಶಾಸ್ತ್ರ, ಕುಂದಾಪುರ ಕನ್ನಡ

1. ಸಮಸ್ಯೆಯ ಸ್ವರೂಪ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಪದವಿ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳ ಅಂಚಿನಲ್ಲಿ ಎರಡು ಟಿಪ್ಪಣಿಗಳು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು, ‘ಟಾಪಿಕ್ ಸೆಂಟೆನ್ಸ್ ಎಲ್ಲಿ?’ ಎಂಬುದು. ಇನ್ನೊಂದು, ‘ನೇರವಾಗಿ ಬರೆಯಿರಿ’ ಎಂಬುದು. ಇಂಥ ಟಿಪ್ಪಣಿಗಳನ್ನು ನಾವೂ ಬರೆದಿದ್ದೇವೆ. ಮುಂದಿನ ಸಲ ಅದೇ ವಿದ್ಯಾರ್ಥಿ ವಾಕ್ಯವೃಂದದ ತಲೆಯ ಮೇಲೆ ಒಂದು ವಿಷಯವಾಕ್ಯವನ್ನು ಕೂರಿಸಿ ತರುತ್ತಾನೆ. ಕೆಳಗಿನ ವಾಕ್ಯಗಳು ಮಾತ್ರ ಮೊದಲಿನಂತೆಯೇ ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿರುತ್ತವೆ. ನಿಯಮ ಪಾಲನೆಯಾಗಿರುತ್ತದೆ, ಬರವಣಿಗೆ ಸುಧಾರಿಸಿರುವುದಿಲ್ಲ. ಈ ವಿಮರ್ಶೆ ಹುಟ್ಟಿದ್ದು ಆ ಅನುಭವದಿಂದ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮಾವಳಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಸಂಶೋಧನ ಲೇಖನದ ಪ್ರಕಟಣೆಯನ್ನು ಕಡ್ಡಾಯಗೊಳಿಸಿತ್ತು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಆದರೆ ಇಂಗ್ಲಿಷಿನಲ್ಲಿ ಲೇಖನ ಬರೆಯಬಲ್ಲವನಿಗೆ ತೆರೆಯುವ ಬಾಗಿಲುಗಳು ಉಳಿದವನಿಗೆ ಇಂದಿಗೂ ಸುಲಭವಾಗಿ ತೆರೆಯುವುದಿಲ್ಲ. ಗಂಗೊಳ್ಳಿಯ ಖಾರ್ವಿ ಕೊಂಕಣಿಯ ಬಗ್ಗೆ, ಶಿರೂರಿನ ನವಾಯತಿಯ ಬಗ್ಗೆ, ಕುಂದಾಪುರ ಕನ್ನಡದ ಬಗ್ಗೆ ಮನೆಯೊಳಗಿನಿಂದ ಬರೆಯಬಲ್ಲವರು ಈ ತರಗತಿಗಳಲ್ಲೇ ಕುಳಿತಿದ್ದಾರೆ. ‘ನಿನ್ನ ಆಲೋಚನೆ ನೇರವಾಗಿಲ್ಲ’ ಎಂಬ ಮಾತನ್ನು ಹತ್ತು ಸಲ ಕೇಳಿದವನು ಹನ್ನೊಂದನೆಯ ಸಲ ಬರೆಯಲು ಹೊರಡುವುದಿಲ್ಲ. ಆದ್ದರಿಂದ ಆ ಮಾತು ನಿಜವೇ ಎಂದು ಕೇಳುವುದು ಭಾಷಾವಿಜ್ಞಾನದ ಹೊಣೆ.

ಮೊದಲಿಗೆ ಪರಿಭಾಷೆಯ ಒಂದು ಮಾತು. ಇಂಗ್ಲಿಷಿನ ಈ ಘಟಕಕ್ಕೆ ಕನ್ನಡದಲ್ಲಿ ‘ಪ್ಯಾರಾ’, ‘ಕಂಡಿಕೆ’, ‘ಪರಿಚ್ಛೇದ’, ‘ವಾಕ್ಯವೃಂದ’ ಎಂಬ ಹೆಸರುಗಳು ಬಳಕೆಯಲ್ಲಿವೆ; ಯಾವುದೂ ಪೂರ್ತಿ ನೆಲೆಗೊಂಡಿಲ್ಲ. ಓಲೆಗರಿಯ ಬರಹ ಸಾಲು ಮುರಿಯದೆ ಸಾಗುತ್ತಿತ್ತು. ಸಾಲು ಬಿಟ್ಟು ಹೊಸದಾಗಿ ಆರಂಭಿಸುವ ಪದ್ಧತಿ ಅಚ್ಚಿನ ಪುಟದೊಂದಿಗೆ ನಮ್ಮಲ್ಲಿ ನೆಲೆಯಾಯಿತು. ಈ ಲೇಖನದಲ್ಲಿ ನಾವು ‘ವಾಕ್ಯವೃಂದ’ ಎಂಬ ಪದವನ್ನೇ ಬಳಸಿದ್ದೇವೆ. ಇದು ವಾಕ್ಯಗಳ ಗುಂಪು ಎಂಬ ಅರ್ಥವನ್ನು ಎದುರಿಗಿಡುತ್ತದೆ, ಗುಂಪಿನೊಳಗಿನ ಸಂಬಂಧವೇನು ಎಂಬ ಪ್ರಶ್ನೆಯನ್ನೂ ಎಬ್ಬಿಸುತ್ತದೆ.

2. ನಿಯಮ ಎಲ್ಲಿಂದ ಬಂತು?

ವಿಷಯವಾಕ್ಯದ ನಿಯಮ ಇಂಗ್ಲಿಷ್ ಭಾಷೆಯ ಸ್ವಭಾವದಿಂದ ಹುಟ್ಟಿದ್ದೆಂದು ಕೈಪಿಡಿಗಳು ಸೂಚಿಸುತ್ತವೆ. ಇತಿಹಾಸ ಬೇರೆಯದನ್ನು ಹೇಳುತ್ತದೆ. ವಾಕ್ಯವೃಂದಕ್ಕೆ ಕ್ರಮಬದ್ಧ ನಿಯಮಗಳನ್ನು ರೂಪಿಸಿದವರಲ್ಲಿ ಪ್ರಮುಖನು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬೇನ್. 1866ರಲ್ಲಿ ಪ್ರಕಟವಾದ ಅವನ ರಚನಾಶಾಸ್ತ್ರದ ಪಠ್ಯದಲ್ಲಿ ವಾಕ್ಯವೃಂದದ ಆರಂಭದ ವಾಕ್ಯ ಅದರ ವಿಷಯವನ್ನು ಸ್ಪಷ್ಟವಾಗಿ ತೋರಬೇಕು ಎಂಬ ನಿಯಮವಿದೆ. ಆದರೆ ಆ ನಿಯಮದೊಳಗೇ ಒಂದು ವಿನಾಯಿತಿಯೂ ಇದೆ: ಮುಂದಿನ ಮಾತಿಗೆ ಸಿದ್ಧತೆಯೆಂದು ತಾನಾಗಿಯೇ ತಿಳಿಯುವಂತಿರುವ ಆರಂಭವಾಕ್ಯಕ್ಕೆ ಇದು ಅನ್ವಯಿಸದು. ಪಠ್ಯದಿಂದ ಪಠ್ಯಕ್ಕೆ ಇಳಿದು ಬರುವಾಗ ನಿಯಮ ಉಳಿಯಿತು, ವಿನಾಯಿತಿ ಉದುರಿಹೋಯಿತು. ಇಂದು ನಮ್ಮ ಕೈಗೆ ಸಿಕ್ಕಿರುವುದು ವಿನಾಯಿತಿಯಿಲ್ಲದ ಬೇನ್.

ನಿಯಮವನ್ನು ವಾಸ್ತವದ ಬರವಣಿಗೆಯೊಂದಿಗೆ ಹೋಲಿಸಿ ನೋಡಿದ ಕೆಲಸ 1974ರಲ್ಲಿ ನಡೆಯಿತು. ರಿಚರ್ಡ್ ಬ್ರಾಡಕ್ ಅಮೆರಿಕದ ಹೆಸರಾಂತ ನಿಯತಕಾಲಿಕಗಳಿಂದ 25 ಪ್ರಬಂಧಗಳನ್ನು ಆಯ್ದು ಅವುಗಳ ವಾಕ್ಯವೃಂದಗಳನ್ನು ವಿಶ್ಲೇಷಿಸಿದರು. ವಿಷಯವಾಕ್ಯದಿಂದ ಆರಂಭವಾಗುವ ವಾಕ್ಯವೃಂದಗಳ ಪ್ರಮಾಣ ಶೇಕಡ 13ರಷ್ಟು ಮಾತ್ರ ಎಂದು ಅವರಿಗೆ ಕಂಡುಬಂತು. ನುರಿತ ಇಂಗ್ಲಿಷ್ ಲೇಖಕರು ಪಾಲಿಸದ ನಿಯಮವನ್ನು ಕಲಿಯುವವರ ಮೇಲೆ ಹೇರಲಾಗುತ್ತಿದೆ ಎಂಬುದು ಇದರಿಂದ ಹೊರಡುವ ಮೊದಲ ಅರ್ಥ. ಆದರೆ ಇಲ್ಲಿ ಎಚ್ಚರ ಬೇಕು. ಬ್ರಾಡಕ್ ನೋಡಿದ್ದು ನಿಯತಕಾಲಿಕದ ಪ್ರಬಂಧಗಳನ್ನು. ಸಂಶೋಧನ ಲೇಖನ ಇನ್ನೊಂದು ಪ್ರಕಾರ. ಅವಸರದ ಓದುಗನು ವಾಕ್ಯವೃಂದದ ತಲೆಯನ್ನಷ್ಟೇ ನೋಡಿ ಮುಂದೆ ಸಾಗುವ ಆ ಪ್ರಕಾರದಲ್ಲಿ ಮೊದಲ ವಾಕ್ಯಕ್ಕೆ ವಿಶೇಷ ಹೊಣೆಯಿದೆ.

ಹಾಗೆಂದು ಸಂಶೋಧನ ಲೇಖನವೂ ಎಲ್ಲೆಡೆ ನಿಲುವನ್ನು ಮೊದಲಿಗೆ ಹೇಳುವುದಿಲ್ಲ. ಜಾನ್ ಸ್ವೇಲ್ಸ್ 1990ರ ತಮ್ಮ ಗ್ರಂಥದಲ್ಲಿ ಸಂಶೋಧನ ಲೇಖನದ ಪೀಠಿಕೆಯನ್ನು ಮೂರು ನಡೆಗಳಾಗಿ ವಿವರಿಸಿದ್ದಾರೆ: ಕ್ಷೇತ್ರವನ್ನು ಗುರುತಿಸುವುದು, ಅದರಲ್ಲಿ ತೆರವಾಗಿರುವ ಜಾಗವನ್ನು ತೋರುವುದು, ಆ ಜಾಗವನ್ನು ತಾನು ತುಂಬುವುದು. ಲೇಖಕನ ಸ್ವಂತ ಮಾತು ಬರುವುದು ಮೂರನೆಯ ನಡೆಯಲ್ಲಿ. ಅಂದರೆ, ಅತ್ಯಂತ ‘ನೇರ’ ಎನಿಸಿದ ಪ್ರಕಾರದ ಹೊಸ್ತಿಲಲ್ಲೇ ನಿಲುವು ತಡವಾಗಿ ಬರುತ್ತದೆ. ಇದನ್ನು ಯಾರೂ ಸುತ್ತುಬಳಸು ಎನ್ನುವುದಿಲ್ಲ. ನೇರ ಎಂಬುದು ಪ್ರಕಾರಕ್ಕೂ ಸ್ಥಾನಕ್ಕೂ ಸಂಬಂಧಿಸಿದ ಗುಣ; ಭಾಷೆಯ ರಕ್ತಗುಣವಲ್ಲ.

3. ಸುರುಳಿಯ ಚಿತ್ರ ಮತ್ತು ಅದರ ಮಿತಿ

ನಮ್ಮ ವಿದ್ಯಾರ್ಥಿಗಳ ಬಗೆಗಿನ ತೀರ್ಮಾನಕ್ಕೆ ಮೂಲ ರಾಬರ್ಟ್ ಕ್ಯಾಪ್ಲನ್ 1966ರಲ್ಲಿ ಪ್ರಕಟಿಸಿದ ಲೇಖನ. ಅದರಲ್ಲಿ ಇಂಗ್ಲಿಷಿನ ವಾಕ್ಯವೃಂದಕ್ಕೆ ಒಂದು ನೇರ ಗೆರೆ, ‘ಪೌರಸ್ತ್ಯ’ ವಾಕ್ಯವೃಂದಕ್ಕೆ ಒಂದು ಸುರುಳಿ, ಬೇರೆ ಗುಂಪುಗಳಿಗೆ ಅಂಕುಡೊಂಕಿನ ಗೆರೆಗಳು ಚಿತ್ರಿತವಾಗಿವೆ. ಶಿಕ್ಷಕರ ತರಬೇತಿಗಳಲ್ಲಿ ಈ ಚಿತ್ರ ಇಂದಿಗೂ ತಿರುಗುತ್ತಿದೆ. ಸುರುಳಿಯನ್ನು ತೋರಿಸಿ, ‘ನಮ್ಮವರು ಬರೆಯುವುದು ಹೀಗೆ’ ಎನ್ನಲಾಗುತ್ತದೆ.

ಲೇಖನವನ್ನು ಓದಿದರೆ ಮೂರು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ‘ಪೌರಸ್ತ್ಯ’ ಎಂಬ ಪದದಿಂದ ಕ್ಯಾಪ್ಲನ್ ಉದ್ದೇಶಿಸಿದ್ದು ಚೀನೀ ಮತ್ತು ಕೊರಿಯನ್ ಭಾಷೆಗಳನ್ನು. ಕನ್ನಡವಾಗಲಿ, ದ್ರಾವಿಡ ಭಾಷೆಗಳಾಗಲಿ ಆ ಸುರುಳಿಯೊಳಗೆ ಇರಲೇ ಇಲ್ಲ. ನಾವಾಗಿಯೇ ಹೋಗಿ ಅದರಲ್ಲಿ ಕುಳಿತಿದ್ದೇವೆ. ಎರಡನೆಯದು, ಅವರ ಆಧಾರ ಸಾಮಗ್ರಿ ವಿದೇಶಿ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆದ ಸುಮಾರು 600 ರಚನೆಗಳು. ಎರಡನೆಯ ಭಾಷೆಯಲ್ಲಿ ತಡವರಿಸುತ್ತ ಬರೆದದ್ದನ್ನು ನೋಡಿ ಮೊದಲ ಭಾಷೆಯ ಆಲೋಚನಾ ಕ್ರಮವನ್ನು ಊಹಿಸಲಾಗಿದೆ. ಮೂರನೆಯದು, ಇಂಗ್ಲಿಷಿನ ನೇರಗೆರೆ ವಾಸ್ತವದ ಬರವಣಿಗೆಯ ವರ್ಣನೆಗಿಂತ ಹೆಚ್ಚಾಗಿ ಕೈಪಿಡಿಯ ಆದರ್ಶ. ಒಂದು ಕಡೆಯ ಆದರ್ಶವನ್ನು ಇನ್ನೊಂದು ಕಡೆಯ ತಪ್ಪುಗಳೊಂದಿಗೆ ಹೋಲಿಸಿದರೆ ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ. 1987ರಲ್ಲಿ ಕ್ಯಾಪ್ಲನ್ ತಾವೇ ತಮ್ಮ ನಿಲುವನ್ನು ಮರುಪರಿಶೀಲಿಸಿದರು. ಹಿಂದಿಯ ನಿರೂಪಣಾ ಗದ್ಯವನ್ನು ಅಭ್ಯಸಿಸಿದ ಯಮುನಾ ಕಾಚ್ರೂ ಕೂಡ ಈ ಬಗೆಯ ಹೋಲಿಕೆಗಳ ಹಿಂದಿರುವ ವಿಧಿವಾದವನ್ನು ಟೀಕಿಸಿದ್ದಾರೆ.

ಅದೇ 1987ರ ಸಂಪುಟದಲ್ಲಿ ಜಾನ್ ಹೈಂಡ್ಸ್ ಮುಂದಿಟ್ಟ ವಿಚಾರ ನಮಗೆ ಹೆಚ್ಚು ಉಪಯುಕ್ತ. ಕೆಲವು ಭಾಷೆಗಳಲ್ಲಿ ಅರ್ಥದ ಹೊಣೆ ಬರೆಯುವವನ ಮೇಲೆ, ಕೆಲವುಗಳಲ್ಲಿ ಓದುವವನ ಮೇಲೆ ಹೆಚ್ಚು ಬೀಳುತ್ತದೆ ಎಂದು ಅವರು ಹೇಳುತ್ತಾರೆ. ಇಡೀ ಭಾಷೆಯೊಂದಕ್ಕೆ ಈ ಹಣೆಪಟ್ಟಿಯನ್ನು ಅಂಟಿಸುವುದನ್ನು ನಾವು ಒಪ್ಪುವುದಿಲ್ಲ. ಆದರೆ ‘ಈ ನಿರ್ದಿಷ್ಟ ವ್ಯಾಕರಣ ರೂಪದಲ್ಲಿ ಸಂಬಂಧವನ್ನು ಹೇಳುವ ಹೊಣೆ ಯಾರದು?’ ಎಂಬ ಪ್ರಶ್ನೆಯಾಗಿ ಅದನ್ನು ಕಿರಿದುಗೊಳಿಸಿದರೆ ಮುಂದಿನ ದಾರಿ ಸಿಗುತ್ತದೆ. ಐದನೆಯ ಭಾಗದಲ್ಲಿ ಅದಕ್ಕೆ ಮರಳುತ್ತೇವೆ.

4. ನಿಲುವು ಮೊದಲು ಬರುವ ನಮ್ಮ ಪ್ರಕಾರಗಳು

ಕನ್ನಡದವರಿಗೆ ನಿಲುವನ್ನು ಮೊದಲು ಹೇಳುವ ಪರಂಪರೆಯೇ ಇಲ್ಲವೆಂಬ ಮಾತು ನಿಲ್ಲುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಮೊದಲು ಕಂದಪದ್ಯದ ರೂಪದ ಸೂತ್ರ, ಅನಂತರ ವೃತ್ತಿ, ಅನಂತರ ಪ್ರಯೋಗಗಳು. ನಿಯಮ, ವಿವರಣೆ, ಉದಾಹರಣೆ ಎಂಬ ಈ ಕ್ರಮವನ್ನು ಇಂದಿನ ಇಂಗ್ಲಿಷ್ ಕೈಪಿಡಿಯ ಮಾದರಿ ವಾಕ್ಯವೃಂದದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹುಡುಕುವುದು ಕಷ್ಟ. ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವೂ ಪ್ರತಿಜ್ಞೆಯಿಂದಲೇ ಆರಂಭವಾಗುತ್ತದೆ. ಹೇತು, ಉದಾಹರಣೆ, ಉಪನಯಗಳು ಹಿಂಬಾಲಿಸಿ ನಿಗಮನದಲ್ಲಿ ಪ್ರತಿಜ್ಞೆ ಮರಳಿ ಬರುತ್ತದೆ.

ಇವು ಪಂಡಿತರ ಪ್ರಕಾರಗಳು, ಗಂಗೊಳ್ಳಿಯ ಮೀನುಗಾರನ ಮಗಳಿಗೆ ಇದರಿಂದೇನು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅವಳ ಕಿವಿಗೆ ಬಿದ್ದಿರಬಹುದಾದ ಪ್ರಕಾರ ತಾಳಮದ್ದಳೆ. ಅಲ್ಲಿ ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ಆ ಪದ್ಯದ ಸಾರವನ್ನು ಹಿಡಿದು, ಕಾರಣ ಕೊಟ್ಟು, ದೃಷ್ಟಾಂತ ತಂದು, ಎದುರಾಳಿಯ ಆಕ್ಷೇಪವನ್ನು ಊಹಿಸಿ ಉತ್ತರಿಸುತ್ತ ವಿಸ್ತರಿಸುತ್ತಾನೆ. ಪದ್ಯ ಹೇಳಿದ್ದನ್ನು ಬಿಟ್ಟು ಬೇರೆಡೆ ಹೊರಟರೆ ‘ಪದ್ಯಕ್ಕೆ ಅರ್ಥ ಹೇಳಲಿಲ್ಲ’ ಎಂಬ ಟೀಕೆ ಸಭೆಯಿಂದಲೇ ಬರುತ್ತದೆ. ವಾಕ್ಯವೃಂದದ ಏಕತೆ ಎಂದು ಕೈಪಿಡಿಗಳು ಕರೆಯುವ ಗುಣಕ್ಕೆ ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆಯನ್ನು ನಾವು ಕಂಡಿಲ್ಲ. ಮಂದಾರ್ತಿ, ಮಾರಣಕಟ್ಟೆಗಳ ಮೇಳದ ಆಟಗಳನ್ನು ರಾತ್ರಿಯಿಡೀ ನೋಡಿದ ಮಕ್ಕಳಿಗೆ ಪದ್ಯಕ್ಕೂ ಮಾತಿಗೂ ಇರುವ ಈ ಸಂಬಂಧವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ವಾದಕ್ಕೆ ನಾವೇ ಕಡಿವಾಣ ಹಾಕಬೇಕು. ಸುರುಳಿಯ ಬದಲು ನೇರಗೆರೆಯನ್ನು ‘ಕನ್ನಡ ಮನಸ್ಸು’ ಎಂದು ಕರೆದರೆ ಕ್ಯಾಪ್ಲನ್ ಮಾಡಿದ ತಪ್ಪನ್ನೇ ತಿರುವುಮುರುವಾಗಿ ಮಾಡಿದಂತೆ. ಅರ್ಥಧಾರಿ ಪದ್ಯಕ್ಕೆ ಮೊದಲೇ ದೀರ್ಘ ಪೀಠಿಕೆಯನ್ನೂ ಹೇಳುತ್ತಾನೆ. ಶಾಲೆಯಲ್ಲಿ ಕಲಿಸುವ ಕನ್ನಡ ಪ್ರಬಂಧವೂ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ನಿಧಾನವಾಗಿಯೇ ಸಾಗುತ್ತದೆ. ಎರಡೂ ನಮ್ಮಲ್ಲಿವೆ. ಇಲ್ಲಿಂದ ಹೊರಡುವ ತೀರ್ಮಾನ ಇಷ್ಟೇ: ವಿದ್ಯಾರ್ಥಿಯ ಇಂಗ್ಲಿಷ್ ವಾಕ್ಯವೃಂದ ಸಡಿಲವಾಗಿದ್ದರೆ ಕಾರಣವನ್ನು ಅವನ ಸಂಸ್ಕೃತಿಯಲ್ಲಿ ಹುಡುಕಬಾರದು, ಅವನ ವಾಕ್ಯಗಳಲ್ಲಿ ಹುಡುಕಬೇಕು.

5. ತೊಡಕಿರುವುದು ವಾಕ್ಯಗಳ ನಡುವೆ

ನಾವೇ ರಚಿಸಿಕೊಂಡ ಒಂದು ವಾಕ್ಯವನ್ನು ನೋಡೋಣ: ‘ಜೂನ್ ತಿಂಗಳು ಬಂದು, ಯಾಂತ್ರಿಕ ದೋಣಿಗಳು ಗಂಗೊಳ್ಳಿ ಬಂದರಿನಲ್ಲಿ ನಿಂತು, ಕೂಲಿಯಾಳುಗಳು ಊರಿಗೆ ಹೋದ ಮೇಲೆ, ನಾಡದೋಣಿಯವರು ಕಡಲಿನ ಅಬ್ಬರ ನೋಡಿಕೊಂಡು ಬಲೆ ಬೀಸುತ್ತಾರೆ.’ ಇಲ್ಲಿ ಐದು ಕ್ರಿಯೆಗಳಿವೆ. ಪೂರ್ಣಕ್ರಿಯಾಪದ ಒಂದೇ, ಅದೂ ಕೊನೆಯಲ್ಲಿ. ‘ಬಂದು’, ‘ನಿಂತು’, ‘ಹೋದ ಮೇಲೆ’, ‘ನೋಡಿಕೊಂಡು’ ಎಂಬ ರೂಪಗಳು ತಾವು ಹಿನ್ನೆಲೆಯೆಂದೂ ಕೊನೆಯ ಕ್ರಿಯೆಯೇ ಮುಖ್ಯವೆಂದೂ ಸಾರುತ್ತವೆ. ಒಂದರ್ಥದಲ್ಲಿ ಈ ಒಂದು ವಾಕ್ಯವೇ ಒಂದು ವಾಕ್ಯವೃಂದ. ಯಾವುದು ಪ್ರಧಾನ, ಯಾವುದು ಅಧೀನ ಎಂಬ ಶ್ರೇಣಿಯನ್ನು ವ್ಯಾಕರಣವೇ ಕಟ್ಟಿಕೊಟ್ಟಿದೆ.

ಇದನ್ನು ಇಂಗ್ಲಿಷಿಗೆ ತರುವಾಗ ‘ಚಿಕ್ಕ ವಾಕ್ಯಗಳನ್ನು ಬರೆಯಿರಿ’ ಎಂಬ ಇನ್ನೊಂದು ಉಪದೇಶ ಅಡ್ಡಬರುತ್ತದೆ. ವಿದ್ಯಾರ್ಥಿ ಸರಪಣಿಯನ್ನು ಕತ್ತರಿಸುತ್ತಾನೆ. ಜೂನ್ ಬರುತ್ತದೆ, ದೋಣಿಗಳು ನಿಲ್ಲುತ್ತವೆ, ಕೂಲಿಯಾಳುಗಳು ಹೋಗುತ್ತಾರೆ, ನಾಡದೋಣಿಯವರು ಬಲೆ ಬೀಸುತ್ತಾರೆ. ಎಲ್ಲವೂ ಪೂರ್ಣಕ್ರಿಯಾಪದಗಳಾದವು, ಎಲ್ಲವೂ ಒಂದೇ ಎತ್ತರದಲ್ಲಿ ನಿಂತವು. ಕನ್ನಡದಲ್ಲಿ ಪ್ರತ್ಯಯ ಹೊತ್ತಿದ್ದ ಶ್ರೇಣಿ ಇಂಗ್ಲಿಷಿನಲ್ಲಿ ಕಳೆದುಹೋಯಿತು. ಈಗ ಇವುಗಳ ತಲೆಯ ಮೇಲೆ ‘ಮಳೆಗಾಲದ ಮೀನುಗಾರಿಕೆ ಬಹಳ ಮುಖ್ಯವಾದುದು’ ಎಂಬ ವಿಷಯವಾಕ್ಯವನ್ನು ಕೂರಿಸಿದರೆ ಏನು ಬದಲಾಗುತ್ತದೆ? ಏನೂ ಇಲ್ಲ. ರೋಗವಿರುವುದು ಕೀಲುಗಳಲ್ಲಿ, ಔಷಧವನ್ನು ಹಣೆಗೆ ಹಚ್ಚಲಾಗಿದೆ.

ಪ್ರಾಗ್ ಪಂಥದ ಫ್ರಾಂಟಿಶೆಕ್ ದಾನೆಶ್ 1974ರಲ್ಲಿ ವಿವರಿಸಿದ ವಿಷಯಪ್ರಗತಿಯ ಪರಿಕಲ್ಪನೆ ಇಲ್ಲಿ ನೆರವಾಗುತ್ತದೆ. ಪ್ರತಿ ವಾಕ್ಯಕ್ಕೂ ಮಾತು ಹೊರಡುವ ಒಂದು ನೆಲೆ ಇದೆ, ಆ ನೆಲೆಯ ಮೇಲೆ ಹೇಳುವ ಹೊಸತೊಂದಿದೆ. ಒಂದು ವಾಕ್ಯದ ಹೊಸತು ಮುಂದಿನದರ ನೆಲೆಯಾಗಬಹುದು. ಒಂದೇ ನೆಲೆ ಹಲವು ವಾಕ್ಯಗಳಲ್ಲಿ ಮುಂದುವರಿಯಬಹುದು. ಒಂದು ಹಿರಿಯ ವಿಷಯದಿಂದ ಹಲವು ನೆಲೆಗಳು ಕವಲೊಡೆಯಬಹುದು. ಮೇಲಿನ ಸಂಗತಿಯನ್ನೇ ಮೊದಲ ಬಗೆಯಲ್ಲಿ ಹೀಗೆ ಕಟ್ಟಬಹುದು: ‘ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ 61 ದಿನಗಳ ನಿಷೇಧ ಸಾಂಪ್ರದಾಯಿಕ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ನಾಡದೋಣಿಯವರಿಗೆ ಈ ಎರಡು ತಿಂಗಳು ಪೈಪೋಟಿಯಿಲ್ಲದ ಕಾಲ, ಆದರೆ ಕಡಲು ಅತ್ಯಂತ ಅಪಾಯಕಾರಿಯಾಗಿರುವ ಕಾಲವೂ ಹೌದು.’ ಇಲ್ಲಿ ವಿಷಯವಾಕ್ಯ ಯಾವುದು ಎಂದು ಕೇಳಿದರೆ ಮೂರನೆಯದನ್ನೇ ತೋರಬೇಕಾಗುತ್ತದೆ. ಆದರೂ ವಾಕ್ಯವೃಂದ ಗಟ್ಟಿಯಾಗಿದೆ, ಇಂಗ್ಲಿಷಿಗೆ ವಾಕ್ಯಕ್ಕೆ ವಾಕ್ಯವಾಗಿ ಹೋಗಬಲ್ಲದು.

ಕೃದಂತಾವ್ಯಯದ ಇನ್ನೊಂದು ಗುಣ ಇದಕ್ಕಿಂತ ಗಂಭೀರವಾದ ಪರಿಣಾಮ ಬೀರುತ್ತದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ‘ಬಂದು’ ಕಾಲಾನುಕ್ರಮವನ್ನು ಹೇಳುತ್ತಿದೆಯೇ, ಕಾರಣವನ್ನು ಹೇಳುತ್ತಿದೆಯೇ? ಎರಡನ್ನೂ, ಅಥವಾ, ಎರಡರಲ್ಲಿ ಒಂದನ್ನು ಆರಿಸುವ ಒತ್ತಾಯವನ್ನು ಅದು ಹೇರುವುದಿಲ್ಲ. ಕೇಳುವವನಿಗೆ ಲೋಕಜ್ಞಾನವಿದೆ, ಅವನು ತಿಳಿದುಕೊಳ್ಳುತ್ತಾನೆ. ಇಂಗ್ಲಿಷಿನ ಶೈಕ್ಷಣಿಕ ಗದ್ಯದಲ್ಲಿ ‘ಆಫ್ಟರ್’ ಮತ್ತು ‘ಬಿಕಾಸ್’ಗಳ ನಡುವೆ ಆಯ್ಕೆ ಮಾಡಬೇಕು. ಆ ಆಯ್ಕೆ ಎಷ್ಟೋ ಸಲ ಇಡೀ ಸಂಶೋಧನೆಯ ಪ್ರಮೇಯವೇ ಆಗಿರುತ್ತದೆ.

ನಮ್ಮ ಪ್ರದೇಶದಿಂದಲೇ ಒಂದು ನಿದರ್ಶನ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹರಡಿತು. ಕುಂದಾಪುರದ ಸುತ್ತಲೂ ಹಂಚಿನ ಕಾರ್ಖಾನೆಗಳು ಎದ್ದವು, ಮುಂದೆ ಹಲವು ಮುಚ್ಚಿದವು. ಈ ಬಗ್ಗೆ ಬರೆಯುವ ವಿದ್ಯಾರ್ಥಿಗೆ ಸಹಜವಾಗಿ ಹೊಳೆಯುವ ಕನ್ನಡ ವಾಕ್ಯ: ‘ಹಂಚಿನ ಕಾರ್ಖಾನೆಗಳು ಮುಚ್ಚಿ ಜನ ಬೆಂಗಳೂರು, ಮುಂಬಯಿಗಳ ಹೋಟೆಲುಗಳಿಗೆ ಹೋದರು.’ ಕನ್ನಡದಲ್ಲಿ ಈ ವಾಕ್ಯ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಬಿಕಾಸ್’ ಬರೆದ ಕೂಡಲೆ ಅದು ಪರೀಕ್ಷಿಸಬೇಕಾದ ಹೇಳಿಕೆಯಾಗುತ್ತದೆ. ಪರೀಕ್ಷಿಸಿದರೆ ಕಷ್ಟಕ್ಕೆ ಸಿಲುಕುತ್ತದೆ. ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಹೋಟೆಲು ತೆರೆದದ್ದು 1924ರಲ್ಲಿ. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಹೋಟೆಲು ವೃತ್ತಿಗಾಗಿ ಊರು ಬಿಡುವುದು ಕಾರ್ಖಾನೆಗಳು ಮುಚ್ಚುವುದಕ್ಕಿಂತ ಬಹಳ ಹಿಂದೆಯೇ ಆರಂಭವಾಗಿತ್ತು. ‘ಮುಚ್ಚಿ’ ಎಂಬ ಎರಡಕ್ಷರದ ರೂಪ ಒಂದು ಐತಿಹಾಸಿಕ ವಾದವನ್ನು ಯಾರ ಕಣ್ಣಿಗೂ ಬೀಳದಂತೆ ದಾಟಿಸಿಬಿಟ್ಟಿತ್ತು.

ಇದನ್ನು ಕನ್ನಡದ ಕೊರತೆಯೆಂದು ಓದಬಾರದು. ಸ್ಪಷ್ಟಪಡಿಸಬೇಕಾದಾಗ ‘ಮುಚ್ಚಿದ್ದರಿಂದ’, ‘ಮುಚ್ಚಿದ ಮೇಲೆ’, ‘ಮುಚ್ಚುವುದಕ್ಕೂ ಮೊದಲೇ’ ಎಂಬ ನಿಖರ ರೂಪಗಳು ಕನ್ನಡದಲ್ಲಿವೆ. ನಿಲುವನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಕೊಡಲು ‘ಏಕೆಂದರೆ’ ಇದೆ. ಕನ್ನಡ ಆಯ್ಕೆಯನ್ನು ಕೊಡುತ್ತದೆ, ಬಲವಂತ ಮಾಡುವುದಿಲ್ಲ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ವಾದಿಸಿದ್ದು ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವುದರ ವಿರುದ್ಧ. ವಾಕ್ಯವೃಂದದ ವಿಷಯದಲ್ಲಿ ಇಂದು ಅಚ್ಚು ಇಂಗ್ಲಿಷಿನದು, ಅದೂ ಕೈಪಿಡಿಯ ಇಂಗ್ಲಿಷಿನದು. ಕನ್ನಡ ವಾಕ್ಯ ಏನನ್ನು ಹೇಳುತ್ತದೆ, ಏನನ್ನು ಓದುಗನಿಗೆ ಬಿಡುತ್ತದೆ ಎಂಬ ವರ್ಣನೆ ಇಲ್ಲದೆ ಇಂಗ್ಲಿಷ್ ವಾಕ್ಯವೃಂದವನ್ನು ಕಲಿಸಲಾಗದು.

6. ‘ಅಂಬ್ರ್’: ಒಂದು ಬೋಧನೋಪಕರಣ

ಶೈಕ್ಷಣಿಕ ವಾಕ್ಯವೃಂದದ ಇನ್ನೊಂದು ಬೇಡಿಕೆ, ಯಾವ ಮಾತು ಯಾರದು ಎಂದು ತೋರುವುದು. ವಿದ್ಯಾರ್ಥಿಗಳ ಇಂಗ್ಲಿಷಿನಲ್ಲಿ ತಾವು ಕಂಡದ್ದು, ಅಜ್ಜಿಯಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಮೂರೂ ಒಂದೇ ದನಿಯಲ್ಲಿ ಬರುತ್ತವೆ. ಆಶ್ಚರ್ಯವೆಂದರೆ, ಅವರ ಮನೆಮಾತು ಈ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಶಿಷ್ಟ ಕನ್ನಡದ ‘ಅಂತೆ’ ಮಾಡುವ ಕೆಲಸವನ್ನು ಕುಂದಾಪುರ ಕನ್ನಡದಲ್ಲಿ ‘ಅಂಬ್ರ್’ ಮಾಡುತ್ತದೆ. ಹಳಗನ್ನಡದ ‘ಎಂಬರ್’ ಅನ್ನು ನೆನಪಿಸುವ ಈ ರೂಪ, ಹೇಳುವವನು ಸ್ವತಃ ಕಂಡದ್ದಲ್ಲ, ಕೇಳಿ ತಿಳಿದದ್ದು ಎಂದು ಸೂಚಿಸುತ್ತದೆ. ಕಾರ್ಖಾನೆ ಮುಚ್ಚಿತು ಎನ್ನುವುದಕ್ಕೂ ಮುಚ್ಚಿತಂತೆ ಎನ್ನುವುದಕ್ಕೂ ಇರುವ ಅಂತರ ಈ ಊರಿನ ಐದು ವರ್ಷದ ಮಗುವಿಗೂ ಗೊತ್ತು.

ಆದ್ದರಿಂದ ನಾವು ಸೂಚಿಸುವ ಅಭ್ಯಾಸ ಸರಳ. ವಿದ್ಯಾರ್ಥಿ ತಾನು ಬರೆದ ಇಂಗ್ಲಿಷ್ ವಾಕ್ಯವೃಂದದ ಪ್ರತಿ ವಾಕ್ಯದ ಮುಂದೆ ‘ಅಂಬ್ರ್’ ಸೇರಿಸಬಹುದೇ ಎಂದು ಕೇಳಿಕೊಳ್ಳಲಿ. ಸೇರಿಸಬಹುದಾದಲ್ಲಿ ‘ಯಾರಂಬ್ರ್?’ ಎಂಬ ಎರಡನೆಯ ಪ್ರಶ್ನೆ ಏಳುತ್ತದೆ. ಅದಕ್ಕೆ ಕೊಡುವ ಉತ್ತರವೇ ಉಲ್ಲೇಖ. ಉತ್ತರವಿಲ್ಲದಿದ್ದರೆ ಆ ವಾಕ್ಯ ಹೋಗಬೇಕು, ಇಲ್ಲವೇ ಅದರ ದನಿ ತಗ್ಗಬೇಕು. ಸೇರಿಸಲಾಗದ ವಾಕ್ಯ ಲೇಖಕನ ಸ್ವಂತ ಮಾತು. ವಾಕ್ಯವೃಂದದಲ್ಲಿ ಅಂಥ ವಾಕ್ಯ ಒಂದೂ ಇಲ್ಲದಿದ್ದರೆ ಅದು ಬೇರೆಯವರ ಮಾತುಗಳ ಸಂಗ್ರಹವಷ್ಟೆ. ವಿಷಯವಾಕ್ಯ ಎಲ್ಲಿದೆ ಎಂಬ ಪ್ರಶ್ನೆಗಿಂತ, ‘ಅಂಬ್ರ್’ ಹತ್ತದ ವಾಕ್ಯ ಎಲ್ಲಿದೆ ಎಂಬ ಪ್ರಶ್ನೆ ವಿದ್ಯಾರ್ಥಿಗೆ ಬೇಗ ಅರ್ಥವಾಗುತ್ತದೆ. ಎಷ್ಟೋ ಸಲ ಎರಡಕ್ಕೂ ಉತ್ತರ ಒಂದೇ ಆಗಿರುತ್ತದೆ.

7. ಆಕ್ಷೇಪಗಳು ಮತ್ತು ಸಮಾರೋಪ

ಮೂರು ಆಕ್ಷೇಪಗಳನ್ನು ನಿರೀಕ್ಷಿಸುತ್ತೇವೆ. ಒಂದು, ಅರವತ್ತು ಎಪ್ಪತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಸರಳ ನಿಯಮವೊಂದೇ ಕೆಲಸಕ್ಕೆ ಬರುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ. ವಿಷಯವಾಕ್ಯದ ನಿಯಮವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಬೇನ್ ಕೊಟ್ಟಿದ್ದ ವಿನಾಯಿತಿಯೊಂದಿಗೆ, ಪ್ರಕಾರದ ರೂಢಿಯೆಂದು ಹೆಸರಿಸಿ, ವಾಕ್ಯಗಳ ನಡುವಿನ ಕೀಲನ್ನು ಕಲಿಸಿದ ಮೇಲೆ ಕಲಿಸಬೇಕೆನ್ನುತ್ತೇವೆ. ಎರಡು, ಇಂಗ್ಲಿಷ್ ತರಗತಿಗೆ ಕನ್ನಡ ಬಂದರೆ ಇಂಗ್ಲಿಷ್ ಕಲಿಕೆ ಕುಂಠಿತವಾಗುತ್ತದೆ ಎಂಬುದು. ವಿದ್ಯಾರ್ಥಿಯ ತಲೆಯಲ್ಲಿ ಕನ್ನಡ ವಾಕ್ಯ ಹೇಗೂ ಇದೆ. ಅದನ್ನು ಹಲಗೆಯ ಮೇಲೆ ತಂದರೆ ಮಾತ್ರ ತಿದ್ದಬಹುದು. ಮೂರು, ಈ ತರಗತಿಗಳಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ ಎಂಬುದು. ಬ್ರಹ್ಮಾವರದಿಂದ ದಕ್ಷಿಣಕ್ಕೆ ಹೋದಂತೆ ತುಳು, ಕಡಲ ಬದಿಯಲ್ಲಿ ಕೊಂಕಣಿಯ ರೂಪಗಳು ಸೇರುತ್ತವೆ. ಇದು ನಮ್ಮ ವಾದದ ನಿಜವಾದ ಮಿತಿ. ಕ್ರಿಯೆಗಳನ್ನು ಸರಪಣಿಯಾಗಿ ಪೋಣಿಸುವ ರಚನೆ ತುಳು ಮತ್ತು ಕೊಂಕಣಿಗಳಲ್ಲೂ ಇದೆಯಾದರೂ ಅದು ಯಾವ ಸಂಬಂಧವನ್ನು ಹೇಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ಆಯಾ ಭಾಷೆಯಲ್ಲಿ ಪ್ರತ್ಯೇಕವಾಗಿಯೇ ನೋಡಬೇಕು. ಆ ಕೆಲಸಕ್ಕೆ ಆಯಾ ಭಾಷೆಯ ವಿದ್ಯಾರ್ಥಿಗಳಿಗಿಂತ ಅರ್ಹರು ಬೇರೆ ಇಲ್ಲ.

ಕೊನೆಯದಾಗಿ, ವಾಕ್ಯವೃಂದವನ್ನು ಕನ್ನಡದಲ್ಲಿ ಕಲಿಸದೆ ಇಂಗ್ಲಿಷಿನಲ್ಲಿ ಮಾತ್ರ ಕಲಿಸುವ ನಮ್ಮ ಪದ್ಧತಿಯನ್ನೂ ಪ್ರಶ್ನಿಸಬೇಕು. ಕನ್ನಡ ತರಗತಿಯಲ್ಲಿ ಕಾಗುಣಿತ, ಸಂಧಿ, ಸಮಾಸಗಳನ್ನು ತಿದ್ದುವಷ್ಟು ಶ್ರದ್ಧೆಯಿಂದ ಒಂದು ವಾಕ್ಯ ಮುಂದಿನದಕ್ಕೆ ಹೇಗೆ ದಾರಿ ಕೊಡುತ್ತದೆ ಎಂಬುದನ್ನು ಯಾರೂ ತಿದ್ದುವುದಿಲ್ಲ. ಆದರೆ ಸಾಮಗ್ರಿ ನಮ್ಮ ಅಂಗಳದಲ್ಲೇ ಇದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಲ್ಲಿ ಜಗತ್ತಿನ ಜ್ಞಾನವನ್ನು ಕನ್ನಡದ ವಿವರಣಾತ್ಮಕ ಗದ್ಯಕ್ಕೆ ತಂದರು. ಅಂಥ ಪುಟಗಳನ್ನು ಕತೆಯಂತೆ ಓದಿಸುವ ಬದಲು, ಅವುಗಳ ಒಂದೊಂದು ವಾಕ್ಯವೃಂದವನ್ನು ಬಿಚ್ಚಿ ನೆಲೆ ಎಲ್ಲಿ, ಹೊಸತು ಎಲ್ಲಿ, ಕಾರಣ ಹೇಳಿದೆಯೇ ಬಿಟ್ಟಿದೆಯೇ ಎಂದು ನೋಡಿದರೆ, ಅದೇ ಕಣ್ಣು ಇಂಗ್ಲಿಷ್ ಪುಟದ ಮೇಲೂ ಕೆಲಸ ಮಾಡುತ್ತದೆ.

ಉತ್ತರಪತ್ರಿಕೆಯ ಅಂಚಿನಲ್ಲಿ ‘ನೇರವಾಗಿ ಬರೆಯಿರಿ’ ಎಂದು ಬರೆಯುವುದನ್ನು ನಾವು ನಿಲ್ಲಿಸಿದ್ದೇವೆ. ಅದರ ಬದಲು ಎರಡು ವಾಕ್ಯಗಳ ನಡುವೆ ಒಂದು ಗೆರೆ ಎಳೆದು, ‘ಆಮೇಲೆಯೋ, ಆದ್ದರಿಂದಲೋ?’ ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಉತ್ತರಿಸಲು ವಿದ್ಯಾರ್ಥಿ ತನ್ನ ವಾಕ್ಯಕ್ಕೆ ಮಾತ್ರವಲ್ಲ, ತನ್ನ ವಿಷಯಕ್ಕೂ ಮರಳಬೇಕಾಗುತ್ತದೆ. ಹಂಚಿನ ಕಾರ್ಖಾನೆಯ ಕತೆಯಲ್ಲಿ ಕಂಡಂತೆ, ಅಲ್ಲಿ ಅವನಿಗೆ ಸಿಗುವುದು ಬೇರೆಯೇ ಒಂದು ಉತ್ತರವಾಗಿರಬಹುದು.